ಬೀದರ್ ಕರೇಜ್ ಒಳಗೆ ಫ್ಲ್ಯಾಶ್ ಇಲ್ದೆ ಫೋಟೋ: ನನ್ನ ಅನುಭವ

ಕರೇಜ್ ಅಂದ್ರೆ ನೀರು ಹರಿಸೋಕೆ ನೆಲದಡಿ ಕೊರೆದ ಸುರಂಗ. ಅದರೊಳಗೆ ಫ್ಲ್ಯಾಶ್ ಇಲ್ದೆ ಏನೂ ಬರಲ್ಲ ಅಂತ ಗೆಳೆಯರೆಲ್ಲ ಹೇಳಿದ್ರು, ಈಗ ಪ್ರಿಂಟ್ ನೋಡಿ "ಎಷ್ಟು ಫ್ಲ್ಯಾಶ್ ಇಟ್ಟಿದ್ದೆ ಮಾರಾಯ" ಅಂತ ಕೇಳ್ತಿರೋರೂ ಅವ್ರೇ. ಒಂದೂ ಇಲ್ಲ.

ಇದು ನೌಬಾದ್ ಕಡೆಯ ಸುರಂಗ ಬಾವಿ, ಬಹಮನಿಗಳ ಕಾಲದ್ದು, ಜಂಬಿಟ್ಟಿಗೆ ಕಲ್ಲಲ್ಲಿ ಎರಡು ಕಿಲೋಮೀಟರಿಗೂ ಜಾಸ್ತಿ ಕೊರೆದಿರೋದು. ಪರ್ಮಿಶನ್ ತಗೊಂಡೇ ಇಳಿದಿದ್ದು, ಮೇಲೆ ಹಗ್ಗ ಹಿಡ್ಕೊಂಡು ಒಬ್ಬ ಇರ್ಲೇಬೇಕು, ಅದ್ರಲ್ಲಿ ಚರ್ಚೆ ಇಲ್ಲ.

ಮೊದಲು ಎರಡು ಫ್ಲ್ಯಾಶ್ ಬಾಡಿಗೆಗೆ ತಂದೆ, ದಿನಕ್ಕೆ ಸಾವಿರದೈನೂರೋ ಏನೋ, ಡೆಪಾಸಿಟ್ ಬೇರೆ. ಒಳಗಿನ ಗಾಳಿ ತುಂಬ ಸಣ್ಣ ಸಣ್ಣ ನೀರಿನ ಹನಿ, ಫ್ರೇಮೆಲ್ಲ ಬಿಳಿ ಚುಕ್ಕಿ, ಹಿಂದೆ ಬರೀ ಕಪ್ಪು. ಆಮೇಲೆ ನಾಲ್ಕು ಸಾವಿರ ಕೊಟ್ಟು ಎಲ್‌ಇಡಿ ಪ್ಯಾನೆಲ್, ಆ ಕೆಂಪು ಕಲ್ಲು ಬೆಳಕನ್ನೆಲ್ಲ ಕುಡಿದ್ಬಿಡುತ್ತೆ, ನಾಲ್ಕು ಮಾರು ಆಚೆಗೆ ಏನೂ ಇಲ್ಲ. ಐಎಸ್‌ಒ, ಅಂದ್ರೆ ಕ್ಯಾಮೆರಾ ಬೆಳಕು ಹಿಡಿಯೋ ಶಕ್ತಿ, 6400ಕ್ಕೆ ಏರಿಸಿದ್ರೆ ನೆರಳೆಲ್ಲ ನೇರಳೆ ಬಣ್ಣ. ಎಸಿ ಕಾರಿಂದ ಸೀದಾ ಇಳಿದ್ರಂತೂ ಲೆನ್ಸ್ ಮೇಲೆ ಮಂಜು, ಒರೆಸಿದಷ್ಟೂ ಬರುತ್ತೆ, ಅರ್ಧ ಗಂಟೆ ಕ್ಯಾಮೆರಾನ ಬ್ಯಾಗಲ್ಲೇ ಬಾವಿ ಬಾಯಲ್ಲಿಟ್ಟು ಕಾಯೋದೊಂದೇ ದಾರಿ.

ಕೊನೆಗೆ ಕೆಲಸ ಮಾಡಿದ್ದು ಮುನ್ನೂರೈವತ್ತು ರೂಪಾಯಿ ಟಾರ್ಚು. ಬಲ್ಬ್ ಮೋಡ್ (ನಾವು ಮುಚ್ಚೋವರೆಗೂ ಶಟರ್ ತೆರೆದೇ ಇರುತ್ತೆ), ಲೆನ್ಸ್ ಕಿಂಡಿ ಎಫ್8, ಐಎಸ್‌ಒ 200, ಶಟರ್ ತೆರೆದಿಟ್ಟು ನಾನೇ ಮುಂದಕ್ಕೆ ನಡ್ಕೊಂಡು ಹೋಗೋದು, ಟಾರ್ಚ್ ಯಾವತ್ತೂ ಎದೆ ಮುಂದೆ, ಬೆನ್ನು ಕ್ಯಾಮೆರಾ ಕಡೆ, ಕಪ್ಪು ಬಟ್ಟೆ, ಕೈ ಒಂದು ಕ್ಷಣವೂ ನಿಲ್ಲಬಾರದು, ನಿಂತ್ರೆ ಅಲ್ಲಿ ಗೋಡೆ ಬೆಳ್ಳಗೆ ಸುಟ್ಟೋಗುತ್ತೆ. ತಿರುವು ದಾಟಿದ ಮೇಲೆ ಹೆಚ್ಚು ಹೊತ್ತು ಬೀಸ್ಬೇಕು, ಆಳ ಬರೋದು ಅಲ್ಲಿಂದ. ಶಟರ್ ಒಟ್ಟು ತೆರೆದಿರೋದು ನಾಲ್ಕು ನಿಮಿಷದ ಆಸುಪಾಸು. ಆಗ ಗುದ್ದಲಿ ಏಟಿನ ಒಂದೊಂದು ಗೆರೆನೂ ಎದ್ದು ಕಾಣುತ್ತೆ, ಐನೂರು ವರ್ಷಕ್ಕೂ ಹಿಂದೆ ಬಿದ್ದ ಏಟು! ಟ್ರೈಪಾಡ್ ಕಾಲು ಕೆಸರಲ್ಲಿ ಹೂತ್ಕೊಳ್ಳದ ಹಾಗೆ ಚಪ್ಪಟೆ ಕಲ್ಲಿಡಿ. ಟಾರ್ಚ್ ಮೂತಿಗೆ ಏನು ಕಟ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅದಕ್ಕೇ ಒಂದು ಬೇಸಿಗೆ ಹೋಗಿದೆ.

ಇನ್ನೊಂದು ಹುಚ್ಚೂ ಮಾಡ್ದೆ. ಬೀದರಲ್ಲಿ ಮೇ ಎರಡನೇ ವಾರ ಸೂರ್ಯ ಸರೀ ನೆತ್ತಿ ಮೇಲೆ ಬರ್ತಾನೆ, ಮಧ್ಯಾಹ್ನ 12 ಗಂಟೆ 15 ನಿಮಿಷದ ಹೊತ್ತಿಗೆ ಗಾಳಿಬಾವಿಯೊಳಗಿಂದ (ಮೇಲಿಂದ ಸುರಂಗಕ್ಕೆ ನೇರ ಕೊರೆದ ಕಿಂಡಿ) ಬಿಸಿಲಿನ ಕಂಬ ಸೀದಾ ನೀರಿಗೇ ಇಳಿಯುತ್ತೆ, ಹತ್ತು ನಿಮಿಷ ಸಿಕ್ಕರೆ ಪುಣ್ಯ. ಫ್ಲ್ಯಾಶನ್ನ ಕೆಡಿಸಿದ ಅದೇ ಹನಿಗಳು ಇಲ್ಲಿ ಕಂಬನ ಎತ್ತಿ ತೋರಿಸ್ತವೆ. ಮೋಡ ಬಂದ್ರೆ ಮನೆಗೆ.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಹತ್ರ, ಹೋಟೆಲಿನವರೊಬ್ರು ಎರಡು ಪ್ರಿಂಟಿಗೆ ಹನ್ನೆರಡು ಸಾವಿರ ಕೊಟ್ರು. ಬಾಕಿ ಲೆಕ್ಕ ಮನೇಲಿ ಇನ್ನೂ ಕೇಳ್ತಿದಾರೆ.