ಸಂಡೂರಿನ ಗುಡ್ಡದಲ್ಲಿ ನಾನು ಜನರನ್ನು ನಡೆಸುವ ಬಗೆ

ಸಂಡೂರಿಗೆ ಟ್ರೆಕ್ಕಿಂಗ್ ಹೋಗೋಣ ಅಂದರೆ ಬೆಂಗಳೂರಿನವರು ಕೇಳುವುದು ಒಂದೇ: ಅಲ್ಲಿ ಗಣಿ ಧೂಳು ಬಿಟ್ಟು ಏನಿದೆ? ಬೇಸಿಗೆಯಲ್ಲಿ ಬಂದು ಹೋದವರಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ ಬಿಡಿ. ಮಳೆ ಹಿಡಿದ ಮೇಲೆ ಬರಬೇಕು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು, ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂದರು ಅನ್ನೋ ಮಾತು ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನೂ ಜಾಸ್ತಿ ಗುಂಪು ಕರೆದುಕೊಂಡು ಹೋಗುವುದು ಅದೇ ತಿಂಗಳಲ್ಲಿ.

ಬೆಳಿಗ್ಗೆ ಬೇಗ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಹೊರಟುಬಿಡುತ್ತೇವೆ. ತಡವಾದರೆ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಳ್ಳಬೇಕಾಗುತ್ತದೆ. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರುತ್ತೇನೆ.

ಮಕ್ಕಳಿದ್ದರೆ ಉಬ್ಬಳಗಂಡಿಯೇ ಸರಿ. ನಾರಿಹಳ್ಳ ಎರಡು ಗುಡ್ಡಗಳ ನಡುವೆ ಸೀಳಿಕೊಂಡು ಹೋಗುವ ಜಾಗ ಅದು. ಅಲ್ಲಿ ಕೂರಿಸಿ ಕಲ್ಲು ನೋಡಿ ಅನ್ನುತ್ತೇನೆ. ಕೆಂಪು, ಬೂದು, ಕಪ್ಪು ಪಟ್ಟೆಗಳು ಒಂದರ ಮೇಲೊಂದು. ಚೀಲದಲ್ಲಿ ಒಂದು ಹಳೇ ಟೈಲ್ಸ್ ತುಂಡು ಇಟ್ಟುಕೊಂಡಿರುತ್ತೇನೆ. ಅದರ ಒರಟು ಹಿಂಬದಿಗೆ ಉಕ್ಕಿನ ಬಣ್ಣದ ಕಬ್ಬಿಣದ ಅದಿರನ್ನು ಉಜ್ಜಿದರೆ ಗೀಟು ಕೆಂಪಗೆ ಮೂಡುತ್ತದೆ. ಮ್ಯಾಂಗನೀಸ್ ಅದಿರು ಉಜ್ಜಿದರೆ ಕಪ್ಪು. ಟೈಲ್ಸ್ ಕೈಯಿಂದ ಕೈಗೆ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ಉಜ್ಜೋಕೆ ಜಾಗ ಇರಲ್ಲ. ಆಮೇಲೆ ಗಣಿಯ ಮಾತು ತಾನಾಗಿ ಶುರುವಾಗುತ್ತದೆ.

ಗಣಿ ಕಾಣದ ದಾರಿಯಲ್ಲಿ ಕರೆದುಕೊಂಡು ಹೋಗು, ಜನ ಹಸಿರು ನೋಡೋಕೆ ಬರ್ತಾರೆ ಅಂತ ಕೆಲವರು ಬುದ್ಧಿ ಹೇಳಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕುಮಾರಸ್ವಾಮಿ ಬೆಟ್ಟದ ಕಡೆ ಹೋದಾಗ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿಯನ್ನೂ ತೋರಿಸುತ್ತೇನೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡವನ್ನೂ ತೋರಿಸುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, ಆಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟಿದ್ದು, ಎಲ್ಲ ಅಲ್ಲೇ ನಿಂತು ಹೇಳುತ್ತೇನೆ. ನಮ್ಮೂರಿನ ಎಷ್ಟೋ ಮನೆಗಳ ಒಲೆ ಉರಿದಿದ್ದೂ ಅದೇ ಗಣಿಯಿಂದ, ಅದನ್ನೂ ಮುಚ್ಚಿಡುವುದಿಲ್ಲ.

ಹಳೇ ಗಣಿ ಗುಂಡಿಗಳ ಅಂಚಿಗೆ ಮಾತ್ರ ಯಾರನ್ನೂ ಬಿಡುವುದಿಲ್ಲ. ನೀರು ತಿಳಿಯಾಗಿ ಕಾಣುತ್ತದೆ, ಅಂಚಿನ ಮಣ್ಣು ಸಡಿಲ. ಇನ್ನು ಸೀತಾಫಲ ಹಣ್ಣಾಗುವ ದಿನಗಳಲ್ಲಿ ಕರಡಿಗಳ ಓಡಾಟ ಇರುತ್ತದೆ. ಪಕ್ಕದಲ್ಲೇ ದರೋಜಿ ಕರಡಿಧಾಮ ಇದೆಯಲ್ವಾ? ಸಂಜೆ ಬಿಸಿಲು ಇಳಿಯುವ ಮೊದಲೇ ಎಲ್ಲರನ್ನೂ ರಸ್ತೆಗೆ ತಂದು ನಿಲ್ಲಿಸುತ್ತೇನೆ, ಇನ್ನೊಂದೇ ಫೋಟೋ ಅಂತ ಎಷ್ಟು ಗೋಗರೆದರೂ ಸರಿಯೇ. ಬರುವಾಗ ಬಿಳಿ ಶೂ ಬೇಡ.