ನಿನ್ನೆ ಇದ್ದ ಜಾಗದಲ್ಲೇ ಇಂದೂ ಸ್ವಿಚ್ ಇರಬೇಕು

"ಸಂಜೆ ಬಲಗಡೆ ಮೂಲೆಯಲ್ಲಿದ್ದ ಸ್ವಿಚ್ ಈಗ ಎಲ್ಲಿ ಹೋಯಿತು ಸರ್?" ರಾತ್ರಿ ಪಾಳಿಯ ಎಂಜಿನಿಯರ್ ಫೋನ್ ಮಾಡಿ ಕೇಳಿದರು. ಸಾಧನಗಳ ನಡುವಿನ ಲಿಂಕ್ ಒಂದು ಕೆಟ್ಟಿತ್ತು, ಅವರು ನಾನು ರೂಪಿಸಿದ ನೆಟ್‌ವರ್ಕ್ ನಕ್ಷೆಯಲ್ಲಿ ಆ ಸ್ವಿಚ್ (ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಸಾಧನ) ಹುಡುಕುತ್ತಾ ಕುಳಿತಿದ್ದರು.

ನೆಟ್‌ವರ್ಕ್ ನಿಗಾ ವಹಿಸುವ ಆ ವೆಬ್ ಅಪ್ಲಿಕೇಶನ್‌ಗೆ ನಾನು ಡಿ3 ಎಂಬ ಚಿತ್ರ ಬಿಡಿಸುವ ಲೈಬ್ರರಿಯ ಫೋರ್ಸ್ ಲೇಔಟ್ ಬಳಸಿದ್ದೆ. ಅದರಲ್ಲಿ ಪ್ರತಿ ಸಾಧನವೂ ಒಂದು ನೋಡ್, ಅಂದರೆ ಬಿಂದು. ನೋಡ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ, ಲಿಂಕ್‌ಗಳು ಸ್ಪ್ರಿಂಗ್‌ನಂತೆ ಎಳೆಯುತ್ತವೆ, ಸುಮಾರು 300 ಸುತ್ತಿನ ಲೆಕ್ಕದ ಬಳಿಕ ಎಲ್ಲವೂ ನಿಲ್ಲುತ್ತದೆ. ನೋಡಲು ಬಹಳ ಚೆಂದ. ಆದರೆ ಸ್ಥಾನ ಕೊಡದ ನೋಡ್‌ಗಳನ್ನು ಡಿ3 ಪಟ್ಟಿಯ ಕ್ರಮದಂತೆ ಸುರುಳಿಯಲ್ಲಿ ಕೂರಿಸಿ ಲೆಕ್ಕ ಶುರುಮಾಡುತ್ತದೆ. ನಮ್ಮ ಸರ್ವರ್ ಪ್ರತಿ ಸಲವೂ ಬೇರೆ ಕ್ರಮದಲ್ಲಿ ಪಟ್ಟಿ ಕಳಿಸುತ್ತಿತ್ತು. ಐಡಿ ಪ್ರಕಾರ ವಿಂಗಡಿಸಿ ಅದನ್ನು ಸರಿಪಡಿಸಿದೆ. ಆದರೂ ಹೊಸ ಸಾಧನವೊಂದು ಸೇರಿದರೆ ಸಾಕು, ಇಡೀ ಚಿತ್ರ ಅದಲುಬದಲು.

ನಮ್ಮದು ಮೇಲಿನಿಂದ ಕೆಳಕ್ಕೆ ಕೋರ್ (ಕೇಂದ್ರ), ಡಿಸ್ಟ್ರಿಬ್ಯೂಷನ್ (ಹಂಚಿಕೆ), ಆಕ್ಸೆಸ್ (ಬಳಕೆದಾರರ ಸಾಧನಗಳು ಸೇರುವ ಹಂತ) ಎಂಬ ಮೂರು ಹಂತದ ಜಾಲ. ಇದಕ್ಕೆ ಹೊಂದುವುದು ಪದರ ಪದರವಾಗಿ ಜೋಡಿಸುವ ವಿಧಾನ. 1981ರಲ್ಲಿ ಜಪಾನಿನ ಸುಗಿಯಾಮಾ ಮತ್ತು ಸಂಗಡಿಗರು ಮಂಡಿಸಿದ್ದು. ಅದನ್ನೇ ಅನುಸರಿಸುವ ಡ್ಯಾಗ್ರೆ ಲೈಬ್ರರಿಗೆ ಬದಲಾಯಿಸಿದೆ. ಅಲ್ಲೊಂದು ತೊಡಕು ಎದುರಾಯಿತು. ನಮ್ಮ ಎರಡು ಕೋರ್ ಸ್ವಿಚ್‌ಗಳ ನಡುವೆ ನೇರ ಲಿಂಕ್ ಇದೆ. ಲಿಂಕ್ ಇದ್ದ ಮೇಲೆ ಒಂದು ಮೇಲೆ, ಇನ್ನೊಂದು ಕೆಳಗೆ ಎಂದು ಡ್ಯಾಗ್ರೆ ತೀರ್ಮಾನಿಸಿತು. ಸರಿಸಮಾನವಾದ ಜೋಡಿ ಯಜಮಾನ–ಆಳಿನಂತೆ ಕಾಣತೊಡಗಿತು! ನಕ್ಷೆಯಲ್ಲಿ ಇದು ಸಣ್ಣ ತಪ್ಪಲ್ಲ, ನೋಡುವವರಿಗೆ ಸುಳ್ಳು ಹೇಳಿದಂತೆ. ಒಂದೇ ಹಂತದೊಳಗಿನ ಲಿಂಕ್‌ಗಳನ್ನು ಲೆಕ್ಕದಿಂದ ಹೊರಗಿಟ್ಟು, ಸ್ಥಾನಗಳು ನಿಗದಿಯಾದ ಮೇಲೆ ಅಡ್ಡಗೆರೆಯಾಗಿ ಎಳೆದೆ. ಜೋಡಿ ಅಕ್ಕಪಕ್ಕ ನಿಂತಿತು.

ಆಮೇಲೆ ಪ್ರತಿ ನೋಡ್‌ನ ಸ್ಥಾನವನ್ನು ಡೇಟಾಬೇಸ್‌ನಲ್ಲಿ ಉಳಿಸತೊಡಗಿದೆ. ಹೊಸ ಸಾಧನ ಬಂದರೆ ಅದು ತನ್ನ ಹಂತದ ಸಾಲಿನಲ್ಲಿ, ತಾನು ಜೋಡಣೆಗೊಂಡ ಸ್ವಿಚ್‌ಗೆ ಹತ್ತಿರದ ಖಾಲಿ ಜಾಗದಲ್ಲಿ ಕೂರುತ್ತದೆ, ಉಳಿದವು ಕದಲುವುದಿಲ್ಲ. ಗೆರೆಗಳು ಒಂದೆರಡು ಕಡೆ ಒಂದನ್ನೊಂದು ಅಡ್ಡ ಹಾಯುತ್ತವೆ ನಿಜ, ನಾನು ಒಪ್ಪಿಕೊಂಡಿದ್ದೇನೆ. ಗೆರೆ ಹಾಯುವುದಕ್ಕಿಂತ ಸ್ವಿಚ್ ಕಳೆದುಹೋಗುವುದು ದೊಡ್ಡ ತೊಂದರೆ.

ಫೋರ್ಸ್ ಲೇಔಟನ್ನು ಪೂರ್ತಿ ಬಿಟ್ಟಿಲ್ಲ. ಮೇಲು–ಕೆಳಗು ಇಲ್ಲದ ವೈರ್‌ಲೆಸ್ ಮೆಶ್ ಜಾಲಕ್ಕೆ (ಸಾಧನಗಳು ಸಮಾನವಾಗಿ ಒಂದಕ್ಕೊಂದು ಜೋಡಣೆಗೊಂಡ ಜಾಲ) ಈಗಲೂ ಅದೇ. ಅಲ್ಲಿ ಕೂಡ ಲೆಕ್ಕ ಮುಗಿದ ಕೂಡಲೇ ಸ್ಥಾನಗಳನ್ನು ಉಳಿಸುತ್ತೇನೆ. "ಮತ್ತೆ ಜೋಡಿಸು" ಎಂಬ ಗುಂಡಿಯನ್ನು ಬಳಕೆದಾರರೇ ಒತ್ತಬೇಕು, ಒತ್ತಿದ್ದು ತಪ್ಪಾದರೆ ಹಳೆಯ ಚಿತ್ರ ವಾಪಸ್ ತರುವ ದಾರಿ ಪಕ್ಕದಲ್ಲೇ ಇದೆ.