ಹಳೆ ಡಿಸ್ಟಿಲರಿ ಜಾಗದ ನದಿ ಪಾರ್ಕಿನಲ್ಲಿ ಜಿಯೋಕ್ಯಾಶ್ ಹುಡುಕೋರಿಗೆ

ಜಿಯೋಕ್ಯಾಶ್ ಅಂದರೆ ಯಾರೋ ಬಚ್ಚಿಟ್ಟ, ಜಿಪಿಎಸ್ ಗುರುತು ಹಿಡಿದು ಹುಡುಕುವ ಡಬ್ಬಿ. ಅಮೆರಿಕದ ಕೆಂಟಕಿಯ ಹಳೆ ವಿಸ್ಕಿ ಡಿಸ್ಟಿಲರಿ ಜಾಗಗಳಲ್ಲಿ ಅದರತ್ತ ತೋರಿಸುವ ಫೋನಿನ ಬಾಣವನ್ನು ಕೊನೇತನಕ ನಂಬಬೇಡಿ. ಬಯಲಲ್ಲಿ ಜಿಪಿಎಸ್ 3–5 ಮೀಟರ್ ತಪ್ಪಿದರೆ, ದಟ್ಟ ಮರದಡಿ, ಎತ್ತರದ ಕಲ್ಲುಗೋಡೆ ಪಕ್ಕ ಸಿಗ್ನಲ್ ಬಡಿದು ತಿರುಗಿ ತಪ್ಪು 10 ಮೀಟರ್ ದಾಟಬಹುದು. ಕಬ್ಬಿಣದ ಪೈಪಿನ ಹತ್ತಿರ ದಿಕ್ಸೂಚಿಯೂ ಎಡವುತ್ತದೆ. ಮೂರು ದಿಕ್ಕಿನಿಂದ ನಡೆದು ಬನ್ನಿ, ಬಾಣಗಳು ಸೇರುವ ಜಾಗ ಗುರುತಿಸಿ, ಆಮೇಲೆ ಫೋನ್ ಜೇಬಿಗೆ ಹಾಕಿ ಕಣ್ಣಿಂದ ಹುಡುಕಿ.

ಗೋಡೆ, ಮರದ ತೊಗಟೆ ಕಪ್ಪಾಗಿದ್ದರೆ ಅದು ಮಸಿಯೇ ಆಗಿರಬೇಕಿಲ್ಲ. ಪೀಪಾಯಿಯಿಂದ ಆರಿಹೋಗುವ ಮದ್ಯದ ಆವಿಯಲ್ಲಿ ಬೆಳೆಯುವ ಬೌಡೋಯಿನಿಯಾ ಎಂಬ ಬೂಷ್ಟೂ ಹಾಗೇ ಕಾಣುತ್ತದೆ. ಕಪ್ಪು ಟೇಪ್ ಸುತ್ತಿದ ಡಬ್ಬಿ ಅದರಲ್ಲಿ ಮಾಯ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಚಿನ ನೆರಳು ಬೀಳುತ್ತದೆ. ಬೆರಳ ತುದಿಯಷ್ಟಿರುವ ಮ್ಯಾಗ್ನೆಟ್ ಡಬ್ಬಿಗೆ (ನ್ಯಾನೋ) ಒಳಗಿನ ಚೀಟಿ ತೆಗೆಯಲು ಚಿಮಟ, ಅದರಲ್ಲಿ ಹೆಸರು ಬರೆಯಲು ಪೆನ್ ನಿಮ್ಮದೇ ಇರಲಿ. ಮುಟ್ಟಿದರೆ ತುರಿಕೆ ತರುವ, ಮೂರೆಲೆಯ ಪಾಯ್ಸನ್ ಐವಿ ಬಳ್ಳಿಗೆ ಕೈ ಹಾಕಬೇಡಿ.

ನೀವೇ ಇಡುವುದಾದರೆ ಪಾರ್ಕಿನವರ ಅನುಮತಿ ಮೊದಲು. ಇನ್ನೊಂದು ಕ್ಯಾಶಿಗೆ ಕನಿಷ್ಠ 161 ಮೀಟರ್ ಅಂತರ ಬೇಕು, ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ. ಕೊಂಬೆಗಳಲ್ಲಿ ಸಿಕ್ಕಿಕೊಂಡ ಒಣಹುಲ್ಲು, ಕಸ ನೋಡಿ: ನೆರೆ ಅಲ್ಲಿಯತನಕ ಬಂದಿತ್ತು. ಡಬ್ಬಿ ಅದಕ್ಕಿಂತ ಮೇಲಿರಲಿ, ತಂತಿಯಿಂದ ಕಟ್ಟಿ. ಹಳೆ ಇಟ್ಟಿಗೆ ಸಂದಿಯಲ್ಲಿ ಮಾತ್ರ ದಯವಿಟ್ಟು ಇಡಬೇಡಿ. ಹುಡುಕುವವರು ಒಂದೊಂದೇ ಇಟ್ಟಿಗೆ ಕಿತ್ತು ಗೋಡೆಯನ್ನೇ ಸಡಿಲ ಮಾಡುತ್ತಾರೆ.